ಹೆಸರು ಬದಲಾಯ್ತು, ಟಿಕ್ಕು ಹೋಯ್ತು

ವಿಸಿಡಿ ಕಾಲದಲ್ಲಿ ಸಿನಿಮಾ ಫೈಲುಗಳಿಗೆ ಹೆಸರು ಅಂತ ಒಂದು ಇರಲೇ ಇಲ್ಲ. ರಾಜ್‌ಕುಮಾರ್ ಸಿನಿಮಾದ ಡಿಸ್ಕ್ ಹಾಕಿ, ವಿಷ್ಣುವರ್ಧನ್ ಸಿನಿಮಾದ್ದು ಹಾಕಿ, ಒಳಗೆ ಇಣುಕಿದರೆ ಸಾಮಾನ್ಯವಾಗಿ ‘ಎವಿಸೀಕ್01.ಡ್ಯಾಟ್’ ಅನ್ನುವ ಅದೇ ಫೈಲು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡವರು ತೋಚಿದ ಹೆಸರಿಟ್ಟರು. ಅದೂ ಇಂಗ್ಲಿಷ್ ಅಕ್ಷರದಲ್ಲಿ. ದೀರ್ಘಕ್ಕೆ ಒಬ್ಬರು ಎರಡು ‘ಎ’ ಹಾಕಿದರು, ಇನ್ನೊಬ್ಬರು ಒಂದರಲ್ಲೇ ಮುಗಿಸಿದರು, ಮತ್ತೊಬ್ಬರು ಒಂದು ‘ಎಚ್’ ಧಾರಾಳವಾಗಿ ಸೇರಿಸಿದರು.

ನಮ್ಮ ಪಕ್ಕದ ಮನೆ ಮೇಷ್ಟ್ರ ಹಾರ್ಡ್ ಡಿಸ್ಕು ಇಂಥ ಹೆಸರುಗಳ ಸಂತೆ. ಆಯುಷ್ಯವೆಲ್ಲ ಮಕ್ಕಳ ಕಾಗುಣಿತ ತಿದ್ದಿದವರು, ರಿಟೈರಾದ ಮೇಲೆ ಸುಮ್ಮನೆ ನೋಡಿಕೊಂಡು ಇರುತ್ತಾರೆಯೇ? ಕೂತು ಅಷ್ಟನ್ನೂ ತಿದ್ದಿಬಿಟ್ಟರು. ಮರುದಿನ ಕಾಂಪೌಂಡ್ ಗೋಡೆಯ ಮೇಲೆ ತಲೆ ಕಾಣಿಸಿತು.

“ಏನ್ರೀ, ಟೀವೀಲಿ ಸಿನಿಮಾ ಪಕ್ಕ ‘ನೋಡಿ ಆಯ್ತು’ ಅಂತ ಟಿಕ್ ಬರ್ತಿತ್ತಲ್ಲ, ಎಲ್ಲಾ ಮಾಯ. ನನ್ನದು ಹೋಗಲಿ, ನಮ್ಮ ಮನೆಯವರು ‘ಮಾಲ್ಗುಡಿ ಡೇಸ್’ ನೋಡ್ತಿದ್ರು. ಯಾವ ಕಂತಿನವರೆಗೆ ಬಂದಿದ್ರು ಅಂತ ಗೊತ್ತಾಗ್ದೆ ಬೆಳಗ್ಗೆಯಿಂದ ನನ್ನ ಮೇಲೆ ಕೂಗಾಡ್ತಿದಾರೆ.”

“ಯಾವ ಸಾಫ್ಟ್‌ವೇರ್‌ನಲ್ಲಿ ನೋಡ್ತೀರಿ ಮೇಷ್ಟ್ರೇ? ಕೋಡಿನೋ, ಪ್ಲೆಕ್ಸೋ, ಜೆಲ್ಲಿಫಿನ್ನೋ?”

“ಕೋಡಿ.”

“ಲೈಬ್ರರಿ ಕ್ಲೀನ್ ಅಂತ ಒಂದಿದೆ, ಒತ್ತಿದ್ರಾ?”

“ಇಲ್ಲ. ಒಂದೊಂದು ಸಿನಿಮಾನೂ ಎರಡೆರಡು ಸಲ ಕಾಣ್ತಿದೆ. ಈಗ ಹೋಗಿ ಒತ್ತೋಣ ಅಂತಿದ್ದೆ.”

“ಒತ್ತಬೇಡಿ! ಅದೊಂದೇ ಈಗ ನಿಮ್ಮ ಮಾನ ಉಳಿಸೋದು.”

ಕೋಡಿ ಟಿಕ್ಕನ್ನು ಬರೆದಿಡುವ ಜಾಗ ‘ಮೈವಿಡಿಯೋಸ್’ ಅಂತ ಶುರುವಾಗುವ ಒಂದು ಡೇಟಾಬೇಸ್ ಫೈಲು. ಅದರಲ್ಲಿ ಪ್ರತಿ ಫೈಲಿಗೂ ಒಂದು ಸಾಲು: ಫೈಲಿನ ಹೆಸರು, ಎಷ್ಟು ಸಲ ನೋಡಿದ್ದು, ಕೊನೆಗೆ ನೋಡಿದ್ದು ಯಾವಾಗ. ಅರ್ಧಕ್ಕೆ ನಿಲ್ಲಿಸಿದ ಜಾಗದ ಗುರುತೂ ಆ ಸಾಲಿಗೇ ಜೋಡಿಸಿಕೊಂಡಿರುತ್ತದೆ. ಹೆಸರು ಬದಲಾದರೆ ಅದರ ಪಾಲಿಗೆ ಹಳೆಯ ಫೈಲು ಕಾಣೆಯಾಯಿತು, ಹೊಸದೊಂದು ಹುಟ್ಟಿತು ಅಷ್ಟೆ. ಹೊಸದಕ್ಕೆ ಹೊಸ ಸಾಲು, ನೋಡಿದ್ದು ಸೊನ್ನೆ. ಹಳೆಯ ಸಾಲು ಮಾತ್ರ ಕ್ಲೀನ್ ಮಾಡುವವರೆಗೂ ಅಲ್ಲೇ ಇರುತ್ತದೆ. ಮೇಷ್ಟ್ರಿಗೆ ಜೋಡಿ ಜೋಡಿಯಾಗಿ ಕಂಡದ್ದು ಅದೇ. ಫೈಲಿಗೆ ಮೊದಲಿದ್ದ ಹೆಸರನ್ನೇ, ಅದೇ ತಪ್ಪು ಕಾಗುಣಿತದಲ್ಲಿ, ಮತ್ತೆ ಇಟ್ಟರೆ ಟಿಕ್ಕು ಸಮೇತ ಎದ್ದು ಕೂರುತ್ತದೆ. ಹಳೆಯ ಹೆಸರು ಮರೆತಿದ್ದರೂ ಆ ಅನಾಥ ನಮೂದನ್ನು ತೆರೆದು ನೋಡಿದರೆ ಸಿಗುತ್ತದೆ.

ತಮಾಷೆ ಏನೆಂದರೆ ಈ ಕೋಡಿಗೇ 2014ರವರೆಗೆ ಎಕ್ಸ್‌ಬಿಎಂಸಿ ಅಂತ ಹೆಸರಿತ್ತು. ತನ್ನ ಹೆಸರು ಬದಲಿಸಿಕೊಂಡಾಗ ಜನರ ಲೈಬ್ರರಿಗಳನ್ನು ಜೋಪಾನವಾಗಿ ಹೊಸ ಫೋಲ್ಡರಿಗೆ ಹೊತ್ತು ತಂದಿತು. ನಮ್ಮ ಫೈಲು ಹೆಸರು ಬದಲಿಸಿಕೊಂಡರೆ ಮಾತ್ರ ‘ನೀವ್ಯಾರೋ ಗೊತ್ತಿಲ್ಲ’ ಅನ್ನುತ್ತದೆ!

“ಇದು ಯಾವ ನ್ಯಾಯ ಸ್ವಾಮಿ?” ಅಂದರು ಮೇಷ್ಟ್ರು. “1973ರಲ್ಲಿ ಮೈಸೂರು ರಾಜ್ಯ ಹೋಗಿ ಕರ್ನಾಟಕ ಅಂತ ಆಯ್ತು. ನಮ್ಮಪ್ಪನ ಜಮೀನೇನು ಕಳೆದುಹೋಯ್ತಾ?”

ಸರಿಯಾದ ಪ್ರಶ್ನೆ. ಪಹಣಿ ನಿಂತಿರುವುದು ಸರ್ವೆ ನಂಬರಿನ ಮೇಲೆ, ಹೆಸರಿನ ಮೇಲಲ್ಲ. ಪ್ಲೆಕ್ಸ್, ಜೆಲ್ಲಿಫಿನ್ ಈ ವಿಷಯದಲ್ಲಿ ಕಂದಾಯ ಇಲಾಖೆಯ ದಾರಿಯನ್ನೇ ಹಿಡಿದಿವೆ. ಐಎಂಡಿಬಿ, ಟಿಎಂಡಿಬಿಯಂಥ ಸಿನಿಮಾ ಮಾಹಿತಿಯ ವೆಬ್‌ಸೈಟುಗಳಲ್ಲಿ ಪ್ರತಿ ಸಿನಿಮಾಕ್ಕೂ ಒಂದು ನಂಬರಿದೆ. ಇವು ಟಿಕ್ಕನ್ನು ಕಟ್ಟುವುದು ಆ ಗುರುತಿಗೆ. ಫೈಲಿಗೆ ಏನೇ ಹೆಸರಿಡಿ, ಯಾವ ಫೋಲ್ಡರಿಗೇ ಸಾಗಿಸಿ, ಅದೇ ಸಿನಿಮಾ ಅಂತ ಗುರುತು ಹಿಡಿದರೆ ಟಿಕ್ಕು ವಾಪಸ್. ಪ್ಲೆಕ್ಸ್‌ನಲ್ಲಿ, ಪ್ರತಿ ಸ್ಕ್ಯಾನ್ ಆದ ಮೇಲೆ ಕಸದ ಬುಟ್ಟಿ ತಾನಾಗಿಯೇ ಖಾಲಿಯಾಗುವ ಸೆಟ್ಟಿಂಗ್ ಒಂದಿದೆ. ಹೆಸರು ಬದಲಿಸುವ ಮುಂಚೆ ಅದನ್ನು ಆಫ್ ಮಾಡಿಟ್ಟರೆ ನಿಶ್ಚಿಂತೆ.

ಆದರೆ ಗುರುತು ಹಿಡಿಯಬೇಕಲ್ಲ! ‘ನಾಗರಹಾವು’ ಅಂತ ಮಾತ್ರ ಬರೆದರೆ 1972ರ ಪುಟ್ಟಣ್ಣನವರ ಚಿತ್ರದುರ್ಗದ್ದೋ, 2016ರಲ್ಲಿ ಗ್ರಾಫಿಕ್ಸ್‌ನಲ್ಲಿ ವಿಷ್ಣುವರ್ಧನ್ ಅವರನ್ನು ಮತ್ತೆ ತಂದು ನಿಲ್ಲಿಸಿದ್ದೋ? ಅದಕ್ಕೇ ಹೆಸರಿನ ಮುಂದೆ ಇಸವಿ ಬರೆಯಬೇಕು ಅನ್ನುವುದು. ಇನ್ನೂ ಭದ್ರ ಬೇಕೆಂದರೆ ಟಿಎಂಡಿಬಿ ನಂಬರನ್ನೇ ಫೋಲ್ಡರಿನ ಹೆಸರಿಗೆ ಸೇರಿಸಬಹುದು, ಪ್ಲೆಕ್ಸ್, ಜೆಲ್ಲಿಫಿನ್ ಎರಡೂ ಅದನ್ನು ಓದುತ್ತವೆ.

ಈ ಪದ್ಧತಿಗೂ ಒಂದು ಕೊಂಕಿದೆ ಅನ್ನಿ. ‘ಕಸ್ತೂರಿ ನಿವಾಸ’ದ ಕಪ್ಪುಬಿಳುಪಿನದೂ ಇದೆ, 2014ರಲ್ಲಿ ಬಂದ ಬಣ್ಣದ್ದೂ ಇದೆ ಅಂತಿಟ್ಟುಕೊಳ್ಳಿ. ಎರಡಕ್ಕೂ ಒಂದೇ ನಂಬರಾದ್ದರಿಂದ ಒಂದು ನೋಡಿದರೆ ಇನ್ನೊಂದಕ್ಕೂ ಟಿಕ್ಕು. ನನಗಂತೂ ಇದು ಒಪ್ಪಿಗೆ. ಅದೇ ಪಾರಿವಾಳ, ಅದೇ ಅಳು.

ಕೋಡಿಯಲ್ಲೇ ಇರುತ್ತೇನೆ ಅನ್ನುವವರಿಗೆ ದಾರಿ ಸ್ವಲ್ಪ ಸುತ್ತು. ಹೆಸರು ಮುಟ್ಟುವ ಮೊದಲು ಲೈಬ್ರರಿಯನ್ನು ಎಕ್ಸ್‌ಪೋರ್ಟ್ ಮಾಡಬೇಕು, ಅದೂ ಬಿಡಿ ಬಿಡಿ ಫೈಲುಗಳಾಗಿ. ಪ್ರತಿ ಸಿನಿಮಾದ ಪಕ್ಕ ಒಂದು ಎನ್‌ಎಫ್‌ಒ ಫೈಲು ಬಂದು ಕೂರುತ್ತದೆ. ಎಷ್ಟು ಸಲ ನೋಡಿದ್ದು ಅನ್ನುವುದು ಅದರೊಳಗೇ ಬರೆದಿರುತ್ತದೆ. ಆಮೇಲೆ ಸಿನಿಮಾಕ್ಕೆ ಏನು ಹೆಸರೋ ಎನ್‌ಎಫ್‌ಒಗೂ ಅದೇ ಹೆಸರು. ಕೊನೆಗೆ ‘ಅಡ್ವಾನ್ಸ್ಡ್‌ಸೆಟ್ಟಿಂಗ್ಸ್’ ಫೈಲಿನಲ್ಲಿ ‘ಇಂಪೋರ್ಟ್‌ವಾಚ್ಡ್‌ಸ್ಟೇಟ್’ ಅನ್ನುವುದನ್ನು ‘ಟ್ರೂ’ ಮಾಡಿ, ಕೋಡಿಯನ್ನು ಮುಚ್ಚಿ ತೆರೆದು, ಕ್ಲೀನ್, ನಂತರ ಅಪ್‌ಡೇಟ್. ಆ ‘ಟ್ರೂ’ ಮರೆತರೆ ಎನ್‌ಎಫ್‌ಒದಲ್ಲಿ ಟಿಕ್ಕಿನ ಲೆಕ್ಕ ಇದ್ದರೂ ಕೋಡಿ ಅದನ್ನು ಓದದೆ ಮುಂದೆ ಹೋಗುತ್ತದೆ. ಡೇಟಾಬೇಸಿಗೇ ಕೈ ಹಾಕಿ ಫೈಲಿನ ಹೆಸರು ತಿದ್ದುವ ಧೈರ್ಯಸ್ಥರೂ ಇದ್ದಾರೆ. ಮೇಷ್ಟ್ರಿಗೆ ನಾನು ಅದನ್ನು ಹೇಳಿಕೊಡಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅವರು ಮೆಲ್ಲಗೆ ಅಂದರು: “ನನಗೆ ಬೇಕಾಗಿದ್ದು ಟೀವಿ ಪರದೆ ಮೇಲೆ ‘ಭೂತಯ್ಯನ ಮಗ ಅಯ್ಯು’ ಅಂತ ಕನ್ನಡದಲ್ಲಿ ಶುದ್ಧವಾಗಿ ಕಾಣೋದು, ಅಷ್ಟೇ ಕಣ್ರೀ.”

ಅಷ್ಟೇ ಬೇಕಿದ್ದರೆ ಫೈಲಿನ ತಂಟೆಗೇ ಹೋಗಬೇಕಾಗಿರಲಿಲ್ಲ! ಕೋಡಿ, ಪ್ಲೆಕ್ಸ್, ಜೆಲ್ಲಿಫಿನ್ ಮೂರರಲ್ಲೂ ಪಟ್ಟಿಯಲ್ಲಿ ಕಾಣುವ ಶೀರ್ಷಿಕೆಯನ್ನು ಮಾತ್ರ ಬದಲಿಸಬಹುದು. ಫೈಲು ಒಳಗೆ ತನ್ನ ಹಾಳು ಕಾಗುಣಿತದಲ್ಲೇ ಬಿದ್ದಿರಲಿ, ಯಾರಿಗೂ ಕಾಣುವುದಿಲ್ಲ.

ಇನ್ನು ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳು. ಅವಕ್ಕೆ ಯಾವ ಟಿಎಂಡಿಬಿಯಲ್ಲೂ ನಂಬರಿಲ್ಲ, ಹೀಗಾಗಿ ಜೆಲ್ಲಿಫಿನ್‌ನಲ್ಲೂ ಅವುಗಳ ಗುರುತು ಫೈಲಿನ ಜಾಗ, ಹೆಸರಿಗೇ ಅಂಟಿಕೊಂಡಿರುತ್ತದೆ. ಅವನ್ನು ಲೈಬ್ರರಿಗೆ ಸೇರಿಸುವ ಮುಂಚೆಯೇ ಸರಿಯಾದ ಹೆಸರಿಟ್ಟುಬಿಡಿ. ಮಗಳ ಮದುವೆಯ ನಾಲ್ಕು ಗಂಟೆಯ ವಿಡಿಯೋವನ್ನು ಪೂರ್ತಿ ನೋಡಿದ್ದೀರಿ ಅನ್ನುವುದಕ್ಕೆ ಬೀಗರ ಮುಂದೆ ಇರುವ ಪುರಾವೆ ಆ ಟಿಕ್ಕೊಂದೇ.