ವಿಷಕ್ಕೂ ಕಂದಾಯ

ಕ್ಯಾಲಿಫೋರ್ನಿಯದಲ್ಲಿ ಹುಳುವಿನ ಔಷಧಿ ಮಾರುವವನಾಗಿ ಹುಟ್ಟುವುದಕ್ಕಿಂತ ಹುಳುವಾಗಿ ಹುಟ್ಟುವುದೇ ಮೇಲು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹುಳುವಿಗೆ ಲೈಸೆನ್ಸ್ ಬೇಡ. ಪರೀಕ್ಷೆ ಪಾಸಾದ ಏಜೆಂಟನೊಬ್ಬನನ್ನು ಅಂಗಡಿಯಲ್ಲಿ ಕೂರಿಸಿಕೊಳ್ಳಬೇಕಿಲ್ಲ. ಮಾರಾಟದ ಚೀಟಿಗಳನ್ನು ಎರಡು ವರ್ಷ ಜೋಪಾನ ಮಾಡಬೇಕಿಲ್ಲ. ಮೂರು ತಿಂಗಳಿಗೊಮ್ಮೆ ರಾಜಧಾನಿ ಸ್ಯಾಕ್ರಮೆಂಟೊಗೆ ಲೆಕ್ಕ ಒಪ್ಪಿಸಬೇಕಿಲ್ಲ. ಎಲೆ ಕಂಡಿತೋ, ತಿಂದಿತು, ಮೊಟ್ಟೆಯಿಟ್ಟಿತು, ಹೋಯಿತು.

ಡೀಲರಪ್ಪನ ಪಾಡು ಹಾಗಲ್ಲ. ಮೂರು ತಿಂಗಳು ಮುಗಿದು ಮುಂದಿನ ತಿಂಗಳು ಮುಗಿಯುವುದರೊಳಗೆ ಯಾವ ಔಷಧಿ ಎಷ್ಟು ಹೋಯಿತು, ಎಷ್ಟು ಡಾಲರಿಗೆ ಹೋಯಿತು ಅಂತ ರಾಜ್ಯದ ಕೀಟನಾಶಕ ನಿಯಂತ್ರಣ ಇಲಾಖೆಗೆ ಬರೆದು ಕೊಡಬೇಕು. ಅದರ ಜೊತೆಗೆ ‘ಮಿಲ್’ ಅನ್ನುವ ಶುಲ್ಕ. ಮಿಲ್ ಅಂದರೆ ಡಾಲರಿನ ಸಾವಿರದಲ್ಲಿ ಒಂದು ಪಾಲು. ಕಣ್ಣಿಗೆ ಕಾಣುವ ದುಡ್ಡಲ್ಲ, ಆದರೆ ಕಟ್ಟದಿದ್ದರೆ ಚೆನ್ನಾಗಿ ಕಾಣಿಸುತ್ತದೆ. ಸುಮಾರು ಇಪ್ಪತ್ತು ವರ್ಷ ಡಾಲರಿಗೆ 21 ಮಿಲ್ ಅಂತ ಕದಲದೆ ಕೂತಿದ್ದ ದರ, 2024ರಲ್ಲಿ ಹೊಸ ಕಾನೂನು ಬಂದಮೇಲೆ ಎದ್ದು ನಡೆಯತೊಡಗಿತು. ಆ ವರ್ಷದ ಜುಲೈಗೆ 24.5, 2025ರ ಜುಲೈಗೆ 26.4, 2026ರ ಜುಲೈಗೆ 28.6. ಹೊಲ ತೋಟದ ಔಷಧಿಯಾದರೆ ಅದರ ಮೇಲೆ ಇನ್ನೂ ಮುಕ್ಕಾಲು ಮಿಲ್. ನೂರು ಡಾಲರಿನ ಡಬ್ಬಕ್ಕೆ ಎರಡೂವರೆ ಮೂರು ಡಾಲರು ಅಂತಿಟ್ಟುಕೊಳ್ಳಿ.

ಇದನ್ನು ಕಟ್ಟುವವರು ಯಾರು? ರಾಜ್ಯದೊಳಗೆ ಮೊಟ್ಟಮೊದಲು ಮಾರಿದವರು. ಸಾಮಾನ್ಯವಾಗಿ ಅದು ತಯಾರಿಸಿದ ಕಂಪನಿಯೇ. ಆದರೆ ಹೊರರಾಜ್ಯದಿಂದ ತಾನೇ ತರಿಸಿ ಮೊದಲು ಮಾರಿದ ಬ್ರೋಕರೋ ಡೀಲರೋ ಇದ್ದರೆ ಗಂಟು ಅವನ ಕೊರಳಿಗೆ. ಆ ದುಡ್ಡಿನಲ್ಲಿ ಇಲಾಖೆ ನಡೆಯುತ್ತದೆ, ಒಂದು ಪಾಲು ಕೌಂಟಿಗಳ, ಅಂದರೆ ಜಿಲ್ಲೆಗಳ, ಕೃಷಿ ಕಮಿಷನರರಿಗೆ ಹೋಗುತ್ತದೆ. ಆ ಕಮಿಷನರರ ಕಡೆಯವರೇ ಬಂದು ಅಂಗಡಿಯ ಪುಸ್ತಕ ತಪಾಸಣೆ ಮಾಡುವುದು. ಹುಲಿ ಕಾಯುವ ಗಾರ್ಡಿಗೆ ಹುಲಿಯೇ ಸಂಬಳ ಕೊಟ್ಟ ಹಾಗೆ. ಹುಲಿ ಗೊಣಗುತ್ತದೆ ಅನ್ನುವುದರಲ್ಲಿ ಆಶ್ಚರ್ಯವಿಲ್ಲ.

ಹುಲಿಗಳ ಪಟ್ಟಿಯಲ್ಲಿ ಬೆಕ್ಕಿನ ಮರಿಗಳೂ ಸೇರಿವೆ ಅನ್ನುವುದು ಬೇರೆ ಮಾತು. ಲಾಸ್ ಏಂಜಲೀಸಿನ ಹಿತ್ತಲುಗಳಲ್ಲಿ ನೀಲಿಯಾಗಿ ಹೊಳೆಯುವ ಈಜುಕೊಳಗಳಿಗೆ ಹಾಕುವ ಕ್ಲೋರಿನ್ ಇದೆಯಲ್ಲ, ಅದೂ ಕಾನೂನಿನ ಕಣ್ಣಲ್ಲಿ ಕೀಟನಾಶಕವೇ. ಪಾಚಿಯನ್ನೂ ರೋಗಾಣುವನ್ನೂ ಕೊಲ್ಲುತ್ತದಲ್ಲ! ಸೀರೆಯ ನಡುವೆ ಇಡುವ ನುಸಿಗುಳಿಗೆ ಕೀಟನಾಶಕ. ನಾಯಿಯ ಕೊರಳಿನ ಚಿಗಟದ ಪಟ್ಟಿ ಕೀಟನಾಶಕ. ಔಷಧಿ ಎಲೆಗೆ ಅಂಟಲಿ ಅಂತ ಬೆರೆಸುವ ಗೋಂದಿನಂಥ ದ್ರವವೂ ಇಲ್ಲಿ ನೋಂದಣಿಯಾಗಬೇಕು. ಹಾಲಿವುಡ್ಡಿನ ನಟಮಣಿ ಕೊಳಕ್ಕೆ ಇಳಿದಾಗಲೆಲ್ಲ ಕೃಷಿ ಕಮಿಷನರರ ಜೇಬಿಗೆ ನಾಲ್ಕು ಕಾಸು ಬೀಳುತ್ತದೆ ಅಂದರೆ ತಪ್ಪಾಗಲಾರದು.

ಶಿರಸಿ ಕಡೆ ಅಡಿಕೆ ತೋಟ ಇರುವ ನಮ್ಮ ಮಾವ, ಮಗಳನ್ನು ನೋಡಲು ಸ್ಯಾನ್ ಡಿಯಾಗೊಗೆ ಬಂದವರು, ಹಿತ್ತಲಿನ ನಿಂಬೆ ಗಿಡ ನೋಡಿ ಸುಮ್ಮನಿರಲಿಲ್ಲ. ಎಲೆ ಮುರುಟಿದೆ, ಮೈಲುತುತ್ತು ಸುಣ್ಣ ತನ್ನಿ, ಬೋರ್ಡೋ ಹೊಡೆಯೋಣ ಅಂದರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಕಲಿಸಿ ನೂರು ವರ್ಷ ಆಯಿತು. ಮಲೆನಾಡಿನವರಿಗೆ ಇವತ್ತಿಗೂ ಅದು ಸರ್ವರೋಗ ನಿವಾರಿಣಿ. ಸರಿ, ಫಾಲ್‌ಬ್ರೂಕ್ ಕಡೆಯ ತೋಟಗಾರರ ಅಂಗಡಿಗೆ ಕರೆದುಕೊಂಡು ಹೋದೆ. ಆವಕಾಡೊದ ರಾಜಧಾನಿ ಅಂತ ಕರೆದುಕೊಳ್ಳುವ ಊರು ಅದು.

ಕೌಂಟರಿನ ಹುಡುಗ ವಿನಯವಾಗಿ ಕೇಳಿದ: “ನಿಮ್ಮ ಆಪರೇಟರ್ ಐಡಿ ನಂಬರ್?”

ಅದು ಕೌಂಟಿಯವರು ರೈತನಿಗೆ ಕೊಡುವ ನಂಬರು, ಅದಿಲ್ಲದೆ ತೋಟದ ಔಷಧಿ ಮಾರುವ ಹಾಗಿಲ್ಲ, ನಿರ್ಬಂಧಿತ ಔಷಧಿಯಾದರೆ ಅದರ ಮೇಲೆ ಪರ್ಮಿಟ್ಟೂ ಬೇಕು ಅಂತ ನಾನು ತರ್ಜುಮೆ ಮಾಡಿ ಹೇಳಿದೆ. ಮಾವ ಬೆರಗಾದರು.

“ಅಲ್ಲ ಅಳಿಯಂದಿರೇ, ನಮ್ಮಲ್ಲಿ ಅಂಗಡಿಯವನು ಕೇಳೋದು ಒಂದೇ ಪ್ರಶ್ನೆ. ನಗದೋ, ಬರ್ಕೊಳ್ಳಲೋ?”

“ನಮ್ಮಲ್ಲೂ ಕಾನೂನು ಇದೆಯಲ್ಲ ಮಾವ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು. ಬಿಲ್ಲಿಲ್ಲದೆ ಮಾರೋ ಹಾಗಿಲ್ಲ.”

“ಲೆಕ್ಕದ ಪುಸ್ತಕ ಇಲ್ಲ ಅಂದ್ನಾ ನಾನು? ಇದೆ. ಉದ್ರಿ ಪುಸ್ತಕ. ನಮ್ಮಪ್ಪ ತಂದಿದ್ದ ಮೈಲುತುತ್ತಿನ ಬಾಕಿ ಕೂಡ ಅದರಲ್ಲಿ ಸಿಗುತ್ತೆ.”

ಹುಡುಗ ನಮ್ಮನ್ನು ಮನೆತೋಟದ ಅಂಗಡಿಗೆ ಸಾಗಹಾಕಿದ. ಹೊರಗೆ ಬಂದಮೇಲೆ ಮಿಕ್ಕದ್ದನ್ನೂ ಹೇಳಿದೆ. ಇಲ್ಲಿ ರೈತ ಔಷಧಿ ಹೊಡೆದರೆ ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಯಾವ ಬೆಳೆಗೆ, ಎಷ್ಟು ಎಕರೆಗೆ, ಏನು ಹೊಡೆದೆ ಅಂತ ಕೌಂಟಿಗೆ ವರದಿ ಕೊಡಬೇಕು, 1990ರಿಂದ ಹೀಗೆ, ಒಂದೊಂದು ಚದರ ಮೈಲಿಯ ಲೆಕ್ಕವೂ ಸರ್ಕಾರದ ಹತ್ತಿರ ಇದೆ. ಮಾರಿದವನ ಲೆಕ್ಕ ಒಂದು ಕಡೆ, ಹೊಡೆದವನ ಲೆಕ್ಕ ಇನ್ನೊಂದು ಕಡೆ. ಆ ಲೆಕ್ಕ ಇಟ್ಟುಕೊಳ್ಳುವ ಕೌಂಟಿ ಕಚೇರಿಯೇ ಪೆಟ್ರೋಲ್ ಬಂಕಿನ ಮೀಟರನ್ನೂ ತರಕಾರಿ ಅಂಗಡಿಯ ತಕ್ಕಡಿಯನ್ನೂ ಪರೀಕ್ಷಿಸುವುದು. ಲಾಸ್ ಏಂಜಲೀಸಿನಲ್ಲೂ ಹಾಗೇ, ಸ್ಯಾನ್ ಡಿಯಾಗೊದಲ್ಲೂ ಹಾಗೇ. ತೂಕವೂ ವಿಷವೂ ಒಂದೇ ಸೂರಿನಡಿ ಅಂದಾಗ ಮಾವನಿಗೆ ಮೊದಲ ಸಲ ಈ ದೇಶದ ಮೇಲೆ ಗೌರವ ಹುಟ್ಟಿತು.

ಲಾಸ್ ಏಂಜಲೀಸಿನಲ್ಲಿ ಎಂಥ ಕೃಷಿ ಅಂತ ಮೂಗು ಮುರಿಯಬೇಡಿ. ಕಳೆದ ಶತಮಾನದ ಮೊದಲರ್ಧದಲ್ಲಿ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಮೌಲ್ಯದ ಬೆಳೆ ಬೆಳೆಯುತ್ತಿದ್ದ ಕೌಂಟಿ ಅದೇ. ಕಿತ್ತಳೆ ತೋಟಗಳ ಮೇಲೆ ಫ್ರೀವೇ ಹಾಸಿದರು, ಅಷ್ಟೆ. ತೋಟ ಹೋದರೂ ಹುಳು ಊರು ಬಿಡಲಿಲ್ಲ. ಮೆಡಿಟರೇನಿಯನ್ ಹಣ್ಣಿನ ನೊಣ ಬಂತು ಅಂತ 1989-90ರಲ್ಲಿ ರಾತ್ರಿ ಹೊತ್ತು ಹೆಲಿಕಾಪ್ಟರುಗಳು ಸಾಲಾಗಿ ಹಾರಿ ನಗರದ ಮೇಲೆ ಮಲಾಥಿಯಾನ್ ಸುರಿದವು. ಜನ ಮಕ್ಕಳನ್ನು ಒಳಗೆ ಕರೆದರು, ಕಾರುಗಳಿಗೆ ಹೊದಿಕೆ ಹೊದಿಸಿದರು. ಲಾಸ್ ಏಂಜಲೀಸಿನಲ್ಲಿ ಮಗುವಾದರೂ ಅತ್ತು ಸುಮ್ಮನಾಗುತ್ತದೆ, ಕಾರಿನ ಬಣ್ಣ ಹೋದರೆ ಸಮಾಧಾನ ಹೇಳುವವರಿಲ್ಲ. ಅದಕ್ಕೂ ಮೊದಲು 1981ರಲ್ಲಿ, ರಾಜ್ಯದ ಉತ್ತರದಲ್ಲಿ ಇದೇ ನೊಣದ ಗಲಾಟೆಯಾದಾಗ, ಬಿ.ಟಿ. ಕಾಲಿನ್ಸ್ ಎಂಬ ಅಧಿಕಾರಿ ನೀರು ಬೆರೆಸಿದ ಮಲಾಥಿಯಾನನ್ನು ಎಲ್ಲರೆದುರು ಗಟಗಟ ಕುಡಿದು ತೋರಿಸಿದ್ದರು. ಪಾನಕ ಅಂತ ಅವರೂ ಹೇಳಲಿಲ್ಲ.

ಹೆಲಿಕಾಪ್ಟರ್ ಅಂದಕೂಡಲೇ ಮಾವ ಕಾಸರಗೋಡು ಅಂದರು. ಹರಟೆ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಎಣ್ಮಕಜೆ ಕಡೆಯ ಗೇರು ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಆಕಾಶದಿಂದ ಸುರಿಯಿತು. ಸುಪ್ರೀಂ ಕೋರ್ಟು ಆ ಔಷಧಿಯನ್ನೇ ಇಡೀ ದೇಶದಲ್ಲಿ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಯಾವ ಮನೆಯ ಮೇಲೆ, ಯಾವ ಬಾವಿಗೆ, ಎಷ್ಟು ಬಿತ್ತು ಅಂತ ಕೇಳಿದ, ಕಾಯಿಲೆ ಬಿದ್ದ ಮಕ್ಕಳ ತಾಯಂದಿರಿಗೆ ತೋರಿಸಲು ಚದರ ಮೈಲಿಯ ಲೆಕ್ಕ ಎಲ್ಲಿತ್ತು? ಈ ಸ್ಯಾಕ್ರಮೆಂಟೊ ಗುಮಾಸ್ತರ ಕಾಟವನ್ನು ನಾನು ಎಷ್ಟೇ ಗೇಲಿ ಮಾಡಿದರೂ, ಆ ಕಾಟ ಅಲ್ಲಿ ಇರಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಇನ್ನು ನಮ್ಮವರ ಪಾಲಿನ ಪಾಪ. ಏಷ್ಯನ್ ಸಿಟ್ರಸ್ ಸಿಲ್ಲಿಡ್ ಅನ್ನುವ ಪುಟಾಣಿ ಕೀಟ ಕ್ಯಾಲಿಫೋರ್ನಿಯದಲ್ಲಿ ಮೊದಲು ಕಾಣಿಸಿಕೊಂಡದ್ದು 2008ರಲ್ಲಿ, ಇದೇ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ. ಅದು ಹರಡುವ ಹಳದಿ ರೋಗ 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಹಸೀಂಡಾ ಹೈಟ್ಸಿನ ಒಂದು ಹಿತ್ತಲ ಮರದಲ್ಲಿ ಸಿಕ್ಕಿತು. ಕೊಡಗಿನ ಕಿತ್ತಳೆಯನ್ನು ಸೊರಗಿಸಿದ ರೋಗಗಳ ಪೈಕಿ ಇದೂ ಒಂದು. ಈ ಕೀಟಕ್ಕೆ ಕಿತ್ತಳೆ ನಿಂಬೆಯಷ್ಟೇ ಪ್ರಿಯವಾದ ಇನ್ನೊಂದು ಗಿಡ ಯಾವುದು ಗೊತ್ತೇ? ಕರಿಬೇವು! ಕ್ವಾರಂಟೈನ್ ಗಡಿ ದಾಟಿಸಿ ಗಿಡ ಸಾಗಿಸುವ ಹಾಗಿಲ್ಲ. ಆದರೂ ಕುಂಡದಲ್ಲಿ ಒಂದು ಸಸಿ ಇಟ್ಟುಕೊಂಡು, ಗೆಳತಿಗೆ ಕೊಡಲೋ ಬೇಡವೋ ಅಂತ ಧರ್ಮಸಂಕಟಕ್ಕೆ ಬೀಳದ ಕನ್ನಡತಿ ಲಾಸ್ ಏಂಜಲೀಸ್ ಕಡೆಯ ಆರ್ಟೀಷಿಯಾದಿಂದ ಸ್ಯಾನ್ ಡಿಯಾಗೊದ ಮೀರಾ ಮೇಸಾವರೆಗೆ ಇಲ್ಲ. ಒಗ್ಗರಣೆಗೂ ಕಾನೂನಿಗೂ ಜಗಳ ಬಂದರೆ ನಾವು ಯಾವ ಪಕ್ಷ ಅಂತ ಹೇಳಬೇಕಾಗಿಲ್ಲ.

ಲೆಕ್ಕ ಕೊಡುವವನಿಗೆ ಇಷ್ಟೆಲ್ಲ ಕಾಟ ಇರುವಾಗ ಲೆಕ್ಕವೇ ಬೇಡ ಅನ್ನುವವರೂ ಇರುತ್ತಾರೆ. ಮೆಕ್ಸಿಕೊ ಗಡಿಯ ಸ್ಯಾನ್ ಯಿಸಿಡ್ರೊ, ಓಟೈ ಮೇಸಾ ಗೇಟುಗಳಲ್ಲಿ ಕಾರಿನೊಳಗೆ ಬಚ್ಚಿಟ್ಟ ಔಷಧಿ ಬಾಟಲಿಗಳ ಸಮೇತ ಸಿಕ್ಕಿಬಿದ್ದವರ ಮೇಲೆ ಕೇಸುಗಳು ನಡೆಯುತ್ತಲೇ ಇವೆ. ಕಳ್ಳ ಗಾಂಜಾ ತೋಟಕ್ಕೆ ಹೋಗುವ ಮಾಲು ಅದು. ಮಿಲ್ಲೂ ಇಲ್ಲ, ವರದಿಯೂ ಇಲ್ಲ. ನಿಯತ್ತಿನ ಡೀಲರು ಫಾರಂ ತುಂಬುತ್ತ ಹಲ್ಲು ಕಡಿಯುವುದು ಇದಕ್ಕೇ.

ಹಾಗೆ ನೋಡಿದರೆ ಕಳ್ಳಮಾಲು ನಮ್ಮ ಮನೆಯಲ್ಲೂ ಇತ್ತು. ಮಾವನ ಜೊತೆ ಬಂದಿದ್ದ ಅತ್ತೆಯವರು ಪೆಟ್ಟಿಗೆ ಬಿಚ್ಚಿ, ಹಪ್ಪಳದ ಕೆಳಗಿನಿಂದ ಲಕ್ಷ್ಮಣರೇಖೆ ಸೀಮೆಸುಣ್ಣ ತೆಗೆದು, ಅಡುಗೆಮನೆಯ ಹೊಸಿಲಿಗೆ ಗೆರೆ ಎಳೆಯಲು ಕೂತಿದ್ದರು.

“ಅತ್ತೆ, ನೋಂದಣಿ ಇಲ್ಲದ ಕೀಟನಾಶಕದ ಸೀಮೆಸುಣ್ಣ ಈ ದೇಶದಲ್ಲಿ ನಿಷಿದ್ಧ. ಇಂಥವನ್ನೆಲ್ಲ ತನ್ನ ಜಾಲತಾಣದಲ್ಲಿ ಮಾರಲು ಬಿಟ್ಟಿದ್ದಕ್ಕೆ ಅಮೆಜಾನ್‌ನಂಥ ಅಮೆಜಾನೇ 2018ರಲ್ಲಿ ಹನ್ನೆರಡು ಲಕ್ಷ ಡಾಲರಿಗಿಂತ ಹೆಚ್ಚು ದಂಡ ಕಟ್ಟಿದೆ.”

“ಇರುವೆಗೆ ಅದೆಲ್ಲ ಗೊತ್ತಿದ್ಯಾ?” ಅಂತ ಅತ್ತೆ ಗೆರೆ ಮುಂದುವರಿಸಿದರು.

ಮಾವ ಮಾತ್ರ ಕನ್ನಡಕ ಏರಿಸಿ ಲೆಕ್ಕ ಹಾಕುತ್ತಿದ್ದರು. “ಒಂದಕ್ಕೆ ಇಪ್ಪತ್ತು ರೂಪಾಯಿ ಅಂತ ಇಟ್ಕೊಳ್ಳಿ. 26.4 ಮಿಲ್ಲಿನ ಹಾಗೆ ಐವತ್ತಮೂರು ಪೈಸೆ ಆಗತ್ತೆ. ಈ ರಾಜ್ಯಕ್ಕೆ ಮೊದಲು ತಂದವಳು ಇವಳೇ ಅಲ್ವಾ? ಕಟ್ಟಿಬಿಡೋಣ. ರಸೀದಿ ಕೊಡ್ತಾರಲ್ಲ?”