ಎಂಟೋ ಒಂಬತ್ತೋ

1977ರ ಮೇ 8ರ ರಾತ್ರಿ ಅಮೆರಿಕದ ಇಥಾಕಾ ಎಂಬ ಊರಿನಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ ನುಡಿಸಿದ ಕಛೇರಿ ದೊಡ್ಡದೋ, ಮಾರನೆಯ ದಿನ ಬಫಲೋದಲ್ಲಿ ಅದೇ ತಂಡ ನುಡಿಸಿದ್ದು ದೊಡ್ಡದೋ ಎಂಬ ವಿಚಾರದಲ್ಲಿ ನನ್ನ ಸೋದರಳಿಯನೂ ಅವನ ಹೆಂಡತಿಯೂ ಒಂದಿಡೀ ಶನಿವಾರ ಮಾತು ಬಿಟ್ಟಿದ್ದರು. ಆ ಎರಡು ರಾತ್ರಿಗಳ ಹೊತ್ತಿಗೆ ಇಬ್ಬರೂ ಇನ್ನೂ ಹುಟ್ಟಿರಲಿಲ್ಲ. ಅವನು ಅರಸೀಕೆರೆಯವನು, ಅವಳು ಸಾಗರದವಳು. ನ್ಯೂಜೆರ್ಸಿಯ ಅವರ ಮನೆಯಲ್ಲಿ ಆಗ ನಾನು ಅತಿಥಿ. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಇಬ್ಬರ ದೂರನ್ನೂ ಬೇರೆಬೇರೆಯಾಗಿ ಕೇಳಬೇಕಾಯಿತು.

ಗಂಡ-ಹೆಂಡಿರ ಜಗಳಕ್ಕೆ ಸೈಟು, ಒಡವೆ, ಅತ್ತೆಮನೆಯವರ ಮಾತು, ಟೀವಿ ರಿಮೋಟು ಮುಂತಾದ ಸಾಂಪ್ರದಾಯಿಕ ಕಾರಣಗಳನ್ನು ಬಲ್ಲವನು ನಾನು. ಇದು ಹೊಸದು. “ಎಂಟನೇ ತಾರೀಖಿಂದು ಕೇಳಿ ಮಾವ, ನಿಮಗೇ ಗೊತ್ತಾಗತ್ತೆ” ಎಂದು ಅವನು ಬೆಳಿಗ್ಗೆ ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. “ಊರೆಲ್ಲ ಹೊಗಳತ್ತೆ ಅಂತ ಇವರೂ ಹೊಗಳೋದು. ನೀವು ಒಂಬತ್ತನೇ ತಾರೀಖಿಂದು ಕೇಳಿ ಮಾವ” ಎಂದು ಅವಳು ಸಂಜೆ ಸಿಕ್ಕಿಸಿದಳು. ಈ ಮದುವೆಗೆ ಜಾತಕ ಕೂಡಿಸಿದ ಹಿರಿಯರಲ್ಲಿ ನಾನೂ ಒಬ್ಬ. ಗಣ ಕೂಡಿತ್ತು, ನಾಡಿ ಕೂಡಿತ್ತು. ಈ ತಾರೀಖು ಮಾತ್ರ ಯಾವ ಪಂಚಾಂಗದಲ್ಲೂ ಇರಲಿಲ್ಲ.

ಮೊದಲು ತಂಡದ ವಿಚಾರ. ಸ್ಯಾನ್‌ಫ್ರಾನ್ಸಿಸ್ಕೋ ಕಡೆಯವರು. 1965ರಲ್ಲಿ ಕಟ್ಟಿಕೊಂಡರು, 1995ರ ಆಗಸ್ಟ್ 9ರಂದು ಗಿಟಾರಿನ ಜೆರ್ರಿ ಗಾರ್ಸಿಯಾ ತೀರಿಕೊಂಡ ಮೇಲೆ ನಿಲ್ಲಿಸಿದರು. ನಡುವಿನ ಮೂವತ್ತು ವರ್ಷಗಳಲ್ಲಿ ಎರಡು ಸಾವಿರದ ಮುನ್ನೂರರ ಆಸುಪಾಸು ಕಛೇರಿಗಳು. ಇವತ್ತು ಇಂಥಿಂಥ ಹಾಡು ಎಂದು ಮೊದಲೇ ಗೊತ್ತು ಮಾಡಿಕೊಂಡು ವೇದಿಕೆ ಹತ್ತುವ ಜನವಲ್ಲ. ಒಂದು ಹಾಡು ಶುರುವಾದರೆ ಅದು ಮುಗಿಯುವುದು ಎಲ್ಲಿ, ಮುಗಿಯದೆ ಇನ್ನೊಂದು ಹಾಡಿನೊಳಕ್ಕೆ ಜಾರುವುದು ಯಾವಾಗ ಎನ್ನುವುದು ಅವರಿಗೇ ಆ ಹೊತ್ತಿಗೆ ಹೊಳೆಯಬೇಕು. ಮಿಕ್ಕ ರಾಕ್ ತಂಡಗಳ ಅಭಿಮಾನಿಗಳು ಹಾಡು ರೆಕಾರ್ಡಿನಲ್ಲಿ ಇದ್ದಹಾಗೆ ಬರಲಿಲ್ಲ ಎಂದು ಮುಖ ಊದಿಸಿಕೊಂಡರೆ, ಇವರ ಅಭಿಮಾನಿಗಳು ರೆಕಾರ್ಡಿನಲ್ಲಿ ಇದ್ದಹಾಗೇ ಬಂತು ಎಂದು ಊದಿಸಿಕೊಳ್ಳುತ್ತಾರೆ. ನಿನ್ನೆಯದು ಇವತ್ತಿಲ್ಲ, ಇವತ್ತಿನದು ನಾಳೆ ಇಲ್ಲ ಎಂದಮೇಲೆ ಹಿಂದೆ ಬಿದ್ದವರು ಊರಿಂದೂರಿಗೆ ಹೋಗಲೇಬೇಕಲ್ಲ. ಹಳೆಯ ವ್ಯಾನು ಕಟ್ಟಿಕೊಂಡು, ತಿಂಗಳುಗಟ್ಟಲೆ ಹೋದರು. ಆ ಗುಂಪಿಗೆ ಡೆಡ್‌ಹೆಡ್‌ಗಳು ಎಂದು ಹೆಸರು. ಗಾಂಜಾದ ಹೊಗೆಯೂ ಧಾರಾಳವಾಗಿ ಇತ್ತು. ಅಮಲು ಇಳಿದಮೇಲೆ ಡೆಡ್‌ಹೆಡ್ ಒಬ್ಬ ‘ಈ ತಂಡ ಇಷ್ಟು ಕೆಟ್ಟದಾಗಿ ನುಡಿಸುತ್ತದಾ!’ ಎಂದನಂತೆ ಎನ್ನುವ ನಗೆಚಟಾಕಿ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತು. ಇದನ್ನು ನನಗೆ ಹೇಳಿದ್ದು ಅಳಿಯನೇ. ತನ್ನ ದೇವರನ್ನು ತಾನೇ ಗೇಲಿ ಮಾಡುವ ಭಕ್ತ ನನಗೆ ಮೊದಲಿಂದಲೂ ಇಷ್ಟ.

ಜಗಳಕ್ಕೆ ಬೇಕಾದ ಸಾಕ್ಷ್ಯವನ್ನೂ ಈ ತಂಡವೇ ಒದಗಿಸಿಕೊಟ್ಟಿತು. ಬೇರೆಯವರು ಕಛೇರಿಗೆ ಟೇಪ್ ರೆಕಾರ್ಡರ್ ತಂದವರನ್ನು ಕತ್ತು ಹಿಡಿದು ಆಚೆ ನೂಕುತ್ತಿದ್ದ ಕಾಲದಲ್ಲಿ ಇವರು ಕಂಡೂ ಕಾಣದಂತೆ ಇದ್ದರು. 1984ರಲ್ಲಿ ಟೇಪ್ ಮಾಡುವವರಿಗೆಂದೇ ಸಭಾಂಗಣದಲ್ಲಿ ಜಾಗ ಬಿಟ್ಟುಕೊಟ್ಟರು. ಅಲ್ಲಿ ಮೈಕು ಕಟ್ಟಿದ ಉದ್ದುದ್ದ ಕೋಲುಗಳ ಕಾಡೇ ಎದ್ದು ನಿಲ್ಲುತ್ತಿತ್ತು. ಒಂದೇ ಕಟ್ಟಲೆ, ಟೇಪನ್ನು ಮಾರಬಾರದು. ಬೇಕಾದವರು ಖಾಲಿ ಕ್ಯಾಸೆಟ್ಟನ್ನೂ ಅಂಚೆಚೀಟಿಯನ್ನೂ ಕಳಿಸಿದರೆ ಇದ್ದವರು ತುಂಬಿ ವಾಪಸು ಕಳಿಸುವರು. ಕಾಪಿಯ ಕಾಪಿಯ ಕಾಪಿ ಆಗುತ್ತಾ ಆಗುತ್ತಾ ಹಾಡಿಗಿಂತ ‘ಸುಸ್ಸ್’ ಎನ್ನುವ ಸದ್ದೇ ಹೆಚ್ಚು ಕೇಳುವುದು. ಹಾಗಿದ್ದೂ ಕೇಳಿದರು, ತಾರೀಖು ಬರೆದಿಟ್ಟರು, ಜಗಳವಾಡಿದರು.

ಇಂಥ ಜನ ನನಗೇನು ಹೊಸಬರಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಧಾರವಾಡದಲ್ಲಿದ್ದೆ. ನಮ್ಮ ಓಣಿಯಲ್ಲಿ ಗಾಯಕ ಮನ್ಸೂರರನ್ನು ಊರೂರು ಬೆನ್ನುಹತ್ತಿ ಕೇಳಿದ್ದ ಹಿರಿಯರೊಬ್ಬರಿದ್ದರು. ನಾನು ಯಾವ ಕಛೇರಿ ಕೇಳಿ ಬಂದು ಚೆನ್ನಾಗಿತ್ತು ಅಂದರೂ, “ಅದೇನ್ ಬಿಡ್ರೀ, ಅದರ ಹಿಂದಿನ ದಿವಸ ಕೇಳಬೇಕಾಗಿತ್ರೀ ನೀವು” ಎಂದು ನನ್ನ ಸಂತೋಷದ ಮೇಲೆ ತಣ್ಣೀರು ಸುರಿಯುತ್ತಿದ್ದರು. ಹಿಂದಿನ ದಿನ ನಾನು ಊರಲ್ಲಿ ಇರಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡೇ ಹೇಳುತ್ತಿದ್ದರೇನೋ.

ಈಗ ವ್ಯಾಜ್ಯಕ್ಕೆ ಬರೋಣ. ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬಾರ್ಟನ್ ಹಾಲ್ ಎಂದಿದೆ. ಹಾಲ್ ಎನ್ನುವುದು ದೊಡ್ಡಮಾತು. ಕವಾಯತಿಗೂ ಓಟದ ಪಂದ್ಯಕ್ಕೂ ಬಳಸುವ ಬೃಹತ್ ಷೆಡ್ಡು. ಆವತ್ತು ಭಾನುವಾರ, ಅಲ್ಲಿಯ ಲೆಕ್ಕದಲ್ಲಿ ಅಮ್ಮಂದಿರ ದಿನ. ಅಮ್ಮ ಎಷ್ಟು ಬುದ್ಧಿ ಹೇಳಿದರೂ ಕೇಳದೆ ಜೈಲು ಸೇರಿದ ಮಗನ ಮೇಲೆ ಮರ್ಲ್ ಹ್ಯಾಗರ್ಡ್ ಕಟ್ಟಿದ ಹಾಡೊಂದಿದೆ, ಅದನ್ನು ಹಾಡಿದರು. ಬೇಕೆಂದೇ ಹಾಡಿದರೋ, ಹಾಗೇ ಒದಗಿ ಬಂತೋ ಎನ್ನುವುದೂ ಚರ್ಚೆಯ ವಿಷಯವೇ. ಕೊನೆಗೆ, ಭಾನುವಾರದ ರಾತ್ರಿ, ‘ಇನ್ನೊಂದು ಶನಿವಾರದ ರಾತ್ರಿ’ ಎಂಬ ಅರ್ಥದ ಹಾಡಿನಿಂದ ಮಂಗಳ ಹಾಡಿದರು. ವಾರ ತಪ್ಪಿದ್ದಕ್ಕೆ ಯಾರೂ ಆಕ್ಷೇಪ ಎತ್ತಿದ ಹಾಗಿಲ್ಲ. ಜನ ಹೊರಗೆ ಬಂದಾಗ ಮೇ ತಿಂಗಳಲ್ಲಿ ಹಿಮ ಬೀಳುತ್ತಿತ್ತು.

ಇಷ್ಟಕ್ಕೇ ಒಂದು ಕಛೇರಿ ಪುರಾಣವಾಗುವುದಿಲ್ಲ. ತಂಡದ ಜೊತೆಗಿದ್ದ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಹೆಣ್ಣುಮಗಳು ಮೈಕಿನ ಕೋಲು ಎತ್ತಿ ಹಿಡಿಯದೆ, ವೇದಿಕೆಯ ಧ್ವನಿಯನ್ನು ನೇರ ಯಂತ್ರಕ್ಕೆ ಎಳೆದುಕೊಂಡು ಬಹಳ ಚೊಕ್ಕವಾಗಿ ಟೇಪ್ ಮಾಡುತ್ತಿದ್ದಳು. ಮುಂದೆ ಅವಳಿಗೂ ತಂಡಕ್ಕೂ ನಂಟು ಹರಿಯಿತು, ಕೈ ಬರಿದಾಯಿತು. ಸುರುಳಿಗಳನ್ನು ಇಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಅವು ಹರಾಜಾದವು. ಕೊಂಡವರ ಕೈಯಿಂದ ಕಾಪಿಗಳು ಹೊರಬಿದ್ದವು. ಅದುವರೆಗೆ ಸುಸ್ಸ್ ಸದ್ದಿನ ಆಚೆಗೆ ಕಿವಿಗೊಟ್ಟು ಕೇಳುತ್ತಿದ್ದ ಜನಕ್ಕೆ ಇಥಾಕಾದ ರಾತ್ರಿ ಎದುರಿಗೇ ಕೂತು ಕೇಳಿದಷ್ಟು ನಿಚ್ಚಳವಾಗಿ ಕೇಳಿಸಿತು. ಒಬ್ಬರಿಂದೊಬ್ಬರಿಗೆ ಹರಡಿ, ಇದರಂಥ ಕಛೇರಿ ಮತ್ತೊಂದಿಲ್ಲ ಎನ್ನುವವರೆಗೆ ಹೋಯಿತು. ಅಮೆರಿಕದ ಸಂಸತ್ತಿನ ಗ್ರಂಥಾಲಯ ನಾಡಿನ ಮುಖ್ಯ ಧ್ವನಿಮುದ್ರಣಗಳ ಪಟ್ಟಿಗೆ, 2011ರ ಸಾಲಿನಲ್ಲಿ, ಇದನ್ನೂ ಸೇರಿಸಿತು. ಬೆಟ್ಟಿಗೆ ಬಾಡಿಗೆಯ ಹಣ ಹೊಂದಿಕೆಯಾಗಿದ್ದರೆ ನಮ್ಮ ಅಳಿಯನ ಸಂಸಾರ ಇನ್ನೂ ನೆಮ್ಮದಿಯಾಗಿ ಇರುತ್ತಿತ್ತು.

ಎಂಟರ ಪಕ್ಷದವರ ವಾದ ಹೀಗಿದೆ. ಆ ವರ್ಷದ ಆರಂಭದಲ್ಲಿ ತಂಡ ಹೊಸ ಆಲ್ಬಮ್ಮಿಗಾಗಿ ಕೀತ್ ಓಲ್ಸನ್ ಎಂಬ ಖಡಕ್ ನಿರ್ಮಾಪಕನ ಕೈಗೆ ಸಿಕ್ಕಿಬಿದ್ದಿತ್ತು. ಅವನು ಈ ಲಂಗುಲಗಾಮಿಲ್ಲದವರನ್ನು ಕೂರಿಸಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ. ಅದರ ಹದ ಆ ವಸಂತದ ಕಛೇರಿಗಳಲ್ಲೆಲ್ಲ ಕಾಣುತ್ತದೆ, ಇಥಾಕಾದಲ್ಲಿ ತುದಿ ಮುಟ್ಟಿತು. ಅದರಲ್ಲೂ ಎರಡನೆಯ ಭಾಗದಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ನಿಂದ ‘ಫೈರ್ ಆನ್ ದ ಮೌಂಟನ್’ಗೆ ದಾಟುವ ಜಾಗ ಇದೆಯಲ್ಲ, ಅದನ್ನು ಕೇಳಿ ತಲೆದೂಗದವನಿಗೆ ತಲೆಯೇ ಇಲ್ಲ. ಇದು ಅಳಿಯನ ಮಾತು.

ಒಂಬತ್ತರ ಪಕ್ಷ ಇದನ್ನೇ ತಿರುಗಿಸಿ ಹೊಡೆಯುತ್ತದೆ. ಹದವೇನೋ ಸರಿ, ಅಪಾಯ ಎಲ್ಲಿ? ಬೀಳುತ್ತೇನೋ ಎಂಬ ಭಯವಿಲ್ಲದ ದೊಂಬರಾಟ ಯಾರಿಗೆ ಬೇಕು? ‘ಡ್ಯಾನ್ಸಿಂಗ್ ಇನ್ ದ ಸ್ಟ್ರೀಟ್’ ಎಂಬ ಒಳ್ಳೆಯ ಹಳೆಯ ಹಾಡಿಗೆ ಡಿಸ್ಕೋ ತಾಳ ಕಟ್ಟಿ ಕಾಲುಗಂಟೆ ಎಳೆದಿದ್ದಾರೆ. ಇಥಾಕಾ ದೊಡ್ಡದಾಗಿದ್ದು ಬೆಟ್ಟಿಯ ಟೇಪಿನಿಂದ. ಬಫಲೋದಲ್ಲಿ ನೋಡಿ, ‘ಹೆಲ್ಪ್ ಆನ್ ದ ವೇ’ಯಂಥ ಕಷ್ಟದ ಹಾಡನ್ನೇ ಮೊದಲಿಗೆ ಎತ್ತಿಕೊಂಡರು, ಎರಡನೆಯ ಭಾಗದಲ್ಲಿ ಗಾರ್ಸಿಯಾ ‘ಕಮ್ಸ್ ಎ ಟೈಮ್’ ಹಾಡಿದ ಹಾಗೆ ಮತ್ತೆ ಹಾಡಲಿಲ್ಲ. ಈ ಹುಡುಗಿಗೆ ವಕೀಲಿ ಓದಿಸಬೇಕಿತ್ತು.

ಇವೆರಡೇ ಪಕ್ಷಗಳಾಗಿದ್ದರೆ ಹೇಗೋ ರಾಜಿ ಮಾಡಿಸಬಹುದಿತ್ತು. ಏಳನೇ ತಾರೀಖು ಬಾಸ್ಟನ್ನಿನಲ್ಲಿ ನುಡಿಸಿದ್ದೇ ಶ್ರೇಷ್ಠ ಎನ್ನುವವರಿದ್ದಾರೆ. 1977 ಬಂದಾಗಲೇ ತಂಡ ಕೆಟ್ಟಿತ್ತು, 1972ರ ಆಗಸ್ಟಿನಲ್ಲಿ ಆರೆಗನ್ನಿನ ವೆನೀಟಾದಲ್ಲಿ ಸುಡುಬಿಸಿಲಿಗೆ ನುಡಿಸಿದ್ದೇ ಕಡೆಯ ಮಾತು ಎನ್ನುವ ಮಡಿವಂತರಿದ್ದಾರೆ. ಎಲ್ಲ ಚೆನ್ನಾಗಿದೆ, ತಂಡದ ಗಾಯಕಿ ಡಾನಾ ಗೊಡ್ಶೋ ಒಬ್ಬಳ ದನಿ ತೆಗೆದುಬಿಟ್ಟಿದ್ದರೆ ಎಂದು ಕೊರಗುವವರಂತೂ ಲೆಕ್ಕವಿಲ್ಲ. ಪಾಪ, ಆಕೆ ಎಲ್ವಿಸ್‌ನ ‘ಸಸ್ಪಿಷಿಯಸ್ ಮೈಂಡ್ಸ್’ಗೆ ಹಿಮ್ಮೇಳ ಹಾಡಿದವಳು. ಸ್ಟುಡಿಯೋದಲ್ಲಿ ಪಳಗಿದ ಗಂಟಲು. ಇವರ ಆಂಪ್ಲಿಫೈಯರುಗಳ ನಡುವೆ ನಿಂತರೆ ತನ್ನ ದನಿ ತನಗೇ ಕೇಳುತ್ತಿರಲಿಲ್ಲ ಎಂದು ಅವಳೇ ಹೇಳಿಕೊಂಡಿದ್ದಾಳೆ. ಶ್ರುತಿ ತಪ್ಪಿದ್ದಕ್ಕೆ ಗಂಡಸರ ಗಿಟಾರು ಕಾರಣ, ಬೈಗುಳ ಅವಳಿಗೆ. ಈ ಒಂದು ವಿಷಯದಲ್ಲಿ ನಾನು ಡಾನಾ ಪಕ್ಷ. ಕೊನೆಯದಾಗಿ, ಇಥಾಕಾದಲ್ಲಿ ಆ ರಾತ್ರಿ ಕಛೇರಿಯೇ ನಡೆಯಲಿಲ್ಲ, ಎಲ್ಲವೂ ಸರ್ಕಾರದ ಗೂಢಚಾರರು ಕಟ್ಟಿದ ಕತೆ ಎನ್ನುವವರೂ ಇದ್ದಾರೆ. ಅವರು ತಮಾಷೆಗೆ ಹೇಳುತ್ತಾರೋ ನಿಜಕ್ಕೂ ನಂಬಿದ್ದಾರೋ ಕೇಳುವ ಧೈರ್ಯ ಯಾರಿಗೂ ಇಲ್ಲ.

2017ರಲ್ಲಿ ಕಂಪನಿಯವರು ಬಾಸ್ಟನ್, ಇಥಾಕಾ, ಬಫಲೋ, ಜೊತೆಗೆ ಐದನೇ ತಾರೀಖಿನ ನ್ಯೂಹೇವನ್, ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರಾಟಕ್ಕೆ ಬಿಟ್ಟರು. ಜಗಳಗಂಟ ಅಣ್ಣತಮ್ಮಂದಿರನ್ನು ಒಂದೇ ಮನೆಯಲ್ಲಿ ಇರಿಸಿದರೆ ಒಂದಾಗುತ್ತಾರೆ ಎಂದುಕೊಂಡರೇನೋ. ಪೆಟ್ಟಿಗೆ ಅಳಿಯನ ಮನೆಗೂ ಬಂತು. ಮುಂದಿನದು ನಿಮಗೆ ಗೊತ್ತೇ ಇದೆ.

ಸರಿ, ನಾನೂ ಕೇಳಿದೆ. ಊಟದ ಮೇಲೆ ಸೋಫಾದಲ್ಲಿ ಕಾಲು ಚಾಚಿ, ಒಂದೊಂದು ದಿನಕ್ಕೆ ಒಂದೊಂದು. ಡಿಸ್ಕೋ ವಿಚಾರದಲ್ಲಿ ಹುಡುಗಿ ಹೇಳಿದ್ದೇ ಸರಿ, ಅಲ್ಲಿ ನನಗೆ ಒಂದು ಸಣ್ಣ ನಿದ್ದೆ ಆಯಿತು. ಎರಡನೆಯ ಭಾಗ ಶುರುವಾಗುವ ಮುನ್ನ ಒಂದು ವಿನೋದ ಇದೆ. ಮುಂದಿನ ಸಾಲಿನವರು ನೂಕುನುಗ್ಗಲಿಗೆ ವೇದಿಕೆಗೆ ಒತ್ತಿಹೋಗಿದ್ದರು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದು ಗಿಟಾರಿನ ಬಾಬ್ ವಿಯರ್ ಕವಾಯತು ಮೇಷ್ಟರಂತೆ ಹೇಳುತ್ತಾನೆ. ಕವಾಯತಿನ ಹಾಲಿಗೆ ಕಡೆಗೂ ನ್ಯಾಯ ಸಂದಿತು. ಆಮೇಲೆ ಬಂತು ಆ ಪ್ರಸಿದ್ಧ ದಾಟು. ಮೊದಲ ಹಾಡು ಮುಗಿಯುತ್ತಾ ಬಂದ ಹಾಗೆ ತಾಳ ಸಡಿಲವಾಗುತ್ತದೆ, ಗಿಟಾರು ಎಲ್ಲೋ ನೋಡುತ್ತಾ ನಡೆಯುತ್ತದೆ, ಅಷ್ಟರಲ್ಲಿ ತಳದಲ್ಲಿ ಬಾಸ್ ಗಿಟಾರು ಹೊಸ ಹಾಡಿನ ನಡೆ ಹಿಡಿದಾಗಿದೆ. ಸೀರೆಯ ಒಡಲು ಯಾವಾಗ ಸೆರಗಾಯಿತು ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ ನೇಯ್ದಿದ್ದಾರೆ. ಅಳಿಯ ಕೈಗಡಿಯಾರ ಹಿಡಿದು ಕೂತಿದ್ದ. “ಈಗ ಬಂತು” ಅಂದ. “ಆಗಲೇ ಬಂದಾಯ್ತು” ಅಂದಳು ಅವಳು ಅಡುಗೆಮನೆಯಿಂದ. ನನ್ನ ಕಿವಿಗೆ ಅವಳದೇ ಸರಿ ಎನ್ನಿಸಿತು.

ಆ ಎರಡನೆಯ ಹಾಡಿನ ನಡೆ ಎಲ್ಲೋ ಕೇಳಿದಂತಿದೆಯಲ್ಲ ಎಂದುಕೊಂಡೆ. ಕಾರಣ ಇತ್ತು. ತಂಡದ ಇಬ್ಬರು ಡ್ರಮ್ ವಾದಕರಲ್ಲಿ ಒಬ್ಬನಾದ ಮಿಕ್ಕಿ ಹಾರ್ಟ್ ನಮ್ಮ ತಬಲಾದ ಅಲ್ಲಾ ರಖಾ ಅವರಲ್ಲಿ ಲಯದ ಪಾಠ ಕೇಳಿದವನು. ಅವರ ಮಗ ಜಾಕಿರ್ ಹುಸೇನ್ ಜೊತೆ ಸೇರಿ ಡಿಗಾ ರಿದಂ ಬ್ಯಾಂಡ್ ಎಂಬ ಹೆಸರಿನಲ್ಲಿ 1976ರಲ್ಲಿ ಒಂದು ರೆಕಾರ್ಡು ತಂದಿದ್ದ. ಅದರಲ್ಲಿ ತಬಲಾ ಸುತ್ತ ಕಟ್ಟಿದ ‘ಹ್ಯಾಪಿನೆಸ್ ಈಸ್ ಡ್ರಮಿಂಗ್’ ಎಂಬ ತುಣುಕೇ ಮಾತು ತುಂಬಿಕೊಂಡು ‘ಫೈರ್ ಆನ್ ದ ಮೌಂಟನ್’ ಆಯಿತು. ಇದನ್ನು ತಿಳಿದಮೇಲೆ ನನಗೂ ಈ ವ್ಯಾಜ್ಯದಲ್ಲಿ ಕಾಲು ಪಾಲು ಹಕ್ಕಿದೆ ಎನ್ನಿಸಿ ಸ್ವಲ್ಪ ನೆಟ್ಟಗೆ ಕೂತೆ.

ತೀರ್ಪಿಗಾಗಿ ಅಳಿಯ ಕಡೆಗೆ ಕಣ್ಣಾರೆ ಕಂಡ ಸಾಕ್ಷಿಯನ್ನೇ ಕರೆಸಿದ. ಅವನ ಆಫೀಸಿನಲ್ಲಿ ಮೊದಲಿದ್ದು ಈಗ ನಿವೃತ್ತನಾದ ಅಮೆರಿಕನ್ನ, 1977ರಲ್ಲಿ ಕಾರ್ನೆಲ್‌ನಲ್ಲಿ ವಿದ್ಯಾರ್ಥಿ, ಆ ರಾತ್ರಿ ಬಾರ್ಟನ್ ಹಾಲಿನ ಒಳಗಿದ್ದವನು. ಭಾನುವಾರ ಊಟಕ್ಕೆ ಬಂದ. ಬಿಸಿಬೇಳೆಬಾತನ್ನು ಎರಡು ಸಲ ಬಡಿಸಿಕೊಂಡ. ಅಳಿಯ ತಟ್ಟೆ ಮುಟ್ಟದೆ ಕಾದಿದ್ದ.

ಮನುಷ್ಯನಿಗೆ ಬೇಕಾದಷ್ಟು ನೆನಪಿತ್ತು. ಕ್ಯಾನ್ವಾಸ್ ಬೂಟಿನಲ್ಲಿ ಹೋಗಿ ಹಿಮಕ್ಕೆ ಕಾಲು ನೆನೆದದ್ದು. ವಿಯರ್ ಹಿಂದೆ ಸರಿಯಿರಿ ಎಂದಾಗ ಮುಂದಿದ್ದ ದಢೂತಿಯೊಬ್ಬ ಸರಿದು ಇವನ ಪಾದದ ಮೇಲೆ ನಿಂತದ್ದು. ಅಮ್ಮಂದಿರ ದಿನ ಎಂಬುದು ರಾತ್ರಿ ಒಂದು ಗಂಟೆಗೆ ಜ್ಞಾಪಕ ಬಂದು, ಮನೆಗೆ ಫೋನು ಮಾಡಿ ಬೈಸಿಕೊಂಡದ್ದು. “ಆ ದಾಟು?” ಎಂದ ಅಳಿಯ. ಆಗ ತಾನು ನೀರು ಕುಡಿಯಲು ಸಾಲಿನಲ್ಲಿ ನಿಂತಿದ್ದೆ, ಒಳಗೆ ಚೆನ್ನಾಗಿ ನುಡಿಸುತ್ತಿದ್ದರು ಅಂತ ಕಾಣುತ್ತೆ, ಜನ ಕೂಗುತ್ತಿದ್ದರು ಎಂದ. ಹುಡುಗಿ ತುಪ್ಪದ ಬಟ್ಟಲನ್ನು ಅವನತ್ತ ಸರಿಸಿದಳು. ಮಾರನೆಯ ದಿನ ಬಫಲೋಗೆ ಹೋಗಿದ್ದಿರಾ ಎಂದು ಕೇಳಿದಳು. ಇಲ್ಲ, ಪರೀಕ್ಷೆ ಇತ್ತು.

ಹಾಗಾದರೆ ನೀವು ಕೇಳಿದ್ದರಲ್ಲಿ ತುಂಬ ಒಳ್ಳೆಯದು ಯಾವುದು ಎಂದು ನಾನು ಕೇಳಿದೆ, ಸುಮ್ಮನೆ ಇರಲಾರದೆ. ಆಸಾಮಿ ಚಮಚ ಕೆಳಗಿಟ್ಟ. ಒಂದು ಬೇಸಿಗೆಯಲ್ಲಿ ಟಿಕೆಟ್ ಸಿಗದೆ ಮಧ್ಯಾಹ್ನವೇ ಸಭಾಂಗಣದ ಹಿಂಬದಿಯ ಗೋಡೆಗೆ ಒರಗಿ ಕೂತಿದ್ದನಂತೆ. ಒಳಗೆ ಮೈಕು ಪರೀಕ್ಷೆಗೆಂದು ಶುರು ಮಾಡಿದವರು ನಿಲ್ಲಿಸದೆ ಮುಕ್ಕಾಲು ಗಂಟೆ ನುಡಿಸಿದರಂತೆ. ಅಂಥದ್ದನ್ನು ತಾನು ಮತ್ತೆ ಕೇಳಲಿಲ್ಲ ಎಂದ.

“ಯಾವ ಊರು?” ಎಂದ ಅಳಿಯ. “ಯಾವ ತಾರೀಖು?” ಎಂದಳು ಹುಡುಗಿ. ಇಬ್ಬರ ಕೈಗೂ ಫೋನು ಬಂದಾಗಿತ್ತು. ತಾರೀಖು ನೆನಪಿಲ್ಲ, ಟೇಪು ಯಾರೂ ಮಾಡಿರಲಿಕ್ಕಿಲ್ಲ ಎಂದು ಅವನು ಮತ್ತೆ ಊಟಕ್ಕೆ ತೊಡಗಿದ. ಗಂಡ-ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವಳು ನನ್ನ ಕಡೆ ಬಗ್ಗಿ, ಅತಿಥಿಗೆ ಕನ್ನಡ ಬಾರದೆಂಬ ಧೈರ್ಯದಿಂದ, “ಟೇಪ್ ಇಲ್ಲ ಅಂದ್ರೆ ಆಗಿಲ್ಲ ಅಂತಲೇ ಲೆಕ್ಕ ಮಾವ” ಎಂದಳು.

“ಹೌದು ಮಾವ, ಇವಳು ಹೇಳೋದು ಸರಿ” ಎಂದ ಅಳಿಯ.