ಸೂರ್ಯನಿಲ್ಲದ ನಮಸ್ಕಾರ

ತಿಂಗಳ ಚಾಲೆಂಜು ಹಾಕುವವರು ಮೊದಲು ಯಾವ ತಿಂಗಳು ಅಂತ ನೋಡ್ಕೊಬೇಕು ಮಾರಾಯ್ರೆ. ಬೆಂಗಳೂರಿನಲ್ಲಾದರೆ ಎಲ್ಲ ತಿಂಗಳೂ ಒಂದೇ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದಲ್ಲಿ ಹಾಗಲ್ಲ. ವಿಧಾನಸಭೆಗೆ ಈ ಮೂರು ತಾಲ್ಲೂಕು ಸೇರಿ ಒಂದೇ ಕ್ಷೇತ್ರ. ಮಳೆಗಾಲದಲ್ಲಿ ಸಬೂಬು ಹೇಳುವ ವಿಷಯದಲ್ಲೂ ಹಾಗೇ.

ಕೊಪ್ಪದ ಭಾವ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಫರ್ಮಾನು ಹೊರಡಿಸಿದರು: ಜೂನ್ ಪೂರ್ತಿ ಬೆಳಿಗ್ಗೆ ಯೋಗ, ರಾತ್ರಿ ಓದು, ತಪ್ಪಿದವರು ಉಳಿದವರಿಗೆಲ್ಲ ಕಡುಬು ಮಾಡಿ ಹಾಕಬೇಕು. ಜೂನೇ ಯಾಕೆ ಅಂದರೆ 21ಕ್ಕೆ ಯೋಗ ದಿನವಂತೆ. ವಿಶ್ವಸಂಸ್ಥೆ 2014ರಲ್ಲಿ ಆ ತಾರೀಕು ಗೊತ್ತು ಮಾಡಿದ್ದು, ನಮ್ಮ ಅರ್ಧಗೋಳಕ್ಕೆ ಅದು ಅತಿ ಉದ್ದದ ಹಗಲು ಅಂತ. ಹಗಲು ಉದ್ದ ಇದ್ದೀತು, ಅದರೊಳಗೆ ಸೂರ್ಯ ಬೇಡವೇ? ಹನ್ನೆರಡು ಹೆಸರು ಹಿಡಿದು ಕರೆದರೂ ಆ ಪುಣ್ಯಾತ್ಮ ಓ ಅನ್ನಲಿಲ್ಲ.

"ಕಿಗ್ಗಕ್ಕೆ ಹೋಗಿ ಒಂದು ಮಾತು ಹೇಳಿ ಬರ್ಲಾ?" ಅಂತ ಶೃಂಗೇರಿಯ ಗೆಳೆಯ ಕೇಳಿದ. ಮಳೆ ಬರಿಸಲಿಕ್ಕೂ ನಿಲ್ಲಿಸಲಿಕ್ಕೂ ನಮಗೆ ಅಲ್ಲಿನ ಋಷ್ಯಶೃಂಗನೇ ಗತಿ. ಆದರೆ ಗದ್ದೆಯವರು ಸಸಿಮಡಿಗೆ ನೀರು ಕಾಯುವ ಹೊತ್ತಿನಲ್ಲಿ ಭಾವನ ಸೂರ್ಯನಮಸ್ಕಾರಕ್ಕಾಗಿ ಮಳೆ ನಿಲ್ಲಿಸಪ್ಪ ಅಂದರೆ, ದೇವರು ಬಿಟ್ಟರೂ ಊರವರು ಬಿಡುವುದಿಲ್ಲ.

ಆಮೇಲೆ ಭಾವ ಒಂದು ಫೋಟೊ ಹಾಕಿದರು. ಸುತ್ತಿಟ್ಟಿದ್ದ ಮ್ಯಾಟು ಬಿಚ್ಚಿದ್ದಾರೆ. ಒಳಸುತ್ತಿನಲ್ಲಿ ಬಿಳಿ ಬೂಷ್ಟು, ಅಂಚಿನಲ್ಲಿ ಹಸಿರು, ನಡುವೆ ಹಲ್ಲಿಮೊಟ್ಟೆಯ ಸಿಪ್ಪೆ. "ನಮ್ಮ ಮಲೆನಾಡಿನ ಹವೆಗೆ ಯೋಗ ಒಗ್ಗುವುದಿಲ್ಲ" ಎಂದು ಕೆಳಗೊಂದು ಷರಾ. ಅದೇ ಮನೆಯ ಅಡುಗೆಮನೆಯಿಂದ ಅಕ್ಕ ಅದೇ ಗುಂಪಿನಲ್ಲಿ ಬರೆದಳು: "ದಿನಾ ಬಿಚ್ಚುವ ಮ್ಯಾಟಿಗೆ ಬೂಷ್ಟು ಹಿಡಿಯುದಿಲ್ಲ."

ಅಷ್ಟಕ್ಕೇ ಬಿಡಲಿಲ್ಲ ಅವಳು. 1933ರಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ತೆರೆದ ಕೃಷ್ಣಮಾಚಾರ್ಯರು ಅದಕ್ಕೂ ಮುಂಚೆ ಹಾಸನದ ಕಡೆ ಕಾಫಿ ತೋಟದಲ್ಲಿ ನೌಕರಿ ಮಾಡಿದವರು. ತೋಟದ ಹವೆ ಅವರಿಗೆ ಒಗ್ಗಿತ್ತಲ್ಲ! ಬಿ.ಕೆ.ಎಸ್. ಅಯ್ಯಂಗಾರರಂಥ ಶಿಷ್ಯರು ಅವರ ಕೈಯಲ್ಲಿ ಪಳಗಿದ್ದು. 'ಯೋಗ ಮಕರಂದ' ಅಂತ ಅವರು ಬರೆದದ್ದೂ ಕನ್ನಡದಲ್ಲೇ. "ಅದನ್ನೇ ಹಿಡಿರಿ, ಯೋಗವೂ ಆಯ್ತು, ಓದೂ ಆಯ್ತು" ಅಂದಳು ಅಕ್ಕ. ಭಾವ ಆ ಸಂಜೆ ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಹೋದರು.

ಮರಳಿದ್ದು ಲಂಡನ್ನಿನ ಸಂಶೋಧನೆಯ ಜೊತೆ. ಅಲ್ಲಿನ ಯೂನಿವರ್ಸಿಟಿ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ರೂಢಿ ಕೂರಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಮುಳುಗಿಹೋಗುವಂಥದ್ದೇನಿಲ್ಲ. ಭಾವ ಎತ್ತಿಕೊಂಡದ್ದು ಈ ಕೊನೆಯ ವಾಕ್ಯ ಮಾತ್ರ. ಜೂನಿನಿಂದ 254 ದಿನ ಅಂದರೆ ಕೊಳೆರೋಗಕ್ಕೆ ಔಷಧಿ ಹೊಡೆಯುವಲ್ಲಿಂದ ಅಡಿಕೆ ಸುಲಿತ ಮುಗಿಯುವ ತನಕ. ಅಷ್ಟರಲ್ಲಿ ರೂಢಿಯಾಗುವುದು ಸೊಂಟನೋವು.

ಓದಿನ ಕತೆ ಬೇರೆ. ಕುವೆಂಪು 1904ರಲ್ಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಅಂತ ಕೊಪ್ಪದವರು ಎದೆಯುಬ್ಬಿಸುತ್ತಾರೆ. ಓದುವ ಕಷ್ಟವನ್ನು ತೀರ್ಥಹಳ್ಳಿಯವರಿಗೆ ಬಿಟ್ಟುಕೊಟ್ಟಿದ್ದಾರೆ. ಆ ಅಪವಾದ ಕಳೆಯಲೆಂದೇ 'ಮಲೆಗಳಲ್ಲಿ ಮದುಮಗಳು' ಹಿಡಿದದ್ದು. ಏಳುನೂರು ಪುಟದ ಆಸುಪಾಸು, ತಿಂಗಳಿಗೆ ಹಂಚಿದರೆ ದಿನಕ್ಕೆ ಇಪ್ಪತ್ತಮೂರರ ಮೇಲೆ. ಮೊದಲ ಗಾಳಿಗೇ ಕರೆಂಟು ಹೋಯಿತು. ಎನ್.ಆರ್. ಪುರದ ನಮ್ಮ ಮನೆಯಲ್ಲಿ ನಾನು ಟಾರ್ಚು ಹಿಡಿದು ಪುಸ್ತಕದ ಮೇಲೆ ಬಗ್ಗಿದ್ದು ಕಂಡು, ಕಣ್ಣು ಮಂಜಾದ ದೊಡ್ಡಮ್ಮ, "ಎಂತದದು, ಸ್ವಲ್ಪ ಗಟ್ಟಿ ಓದಾ" ಅಂದರು.

ಕೆಟ್ಟಿತು. ಮರುದಿನದಿಂದ ಊಟದ ತಟ್ಟೆ ಎತ್ತುವ ಮೊದಲೇ ಶುರು: "ಗುತ್ತಿ ಎಲ್ಲಿಗೆ ಮುಟ್ಟಿದ? ಅವನ ನಾಯಿ ಹುಲಿಯ ಎಲ್ಲುಂಟು?" ಜ್ವರ ಅಂದರೂ ಕೇಳರು, ಮದುವೆಮನೆಯಿಂದ ತಡವಾಗಿ ಬಂದೆ ಅಂದರೂ ಕೇಳರು. ಹಿಂದೆ ಮಳೆಗಾಲದ ರಾತ್ರಿ ಇಲ್ಲಿನ ಜಗಲಿಗಳಲ್ಲಿ ಭಾರತ ಓದಿಸುತ್ತಿದ್ದದ್ದೂ ಹೀಗೇ. ಕುಮಾರವ್ಯಾಸನೋ, ನಮ್ಮದೇ ಜಿಲ್ಲೆಯ ದೇವನೂರಿನವನೆನ್ನುವ ಲಕ್ಷ್ಮೀಶನ ಜೈಮಿನಿಯೋ. ಒಬ್ಬರು ಓದುವುದು, ಉಳಿದವರು ಕವಳ ಹಾಕಿಕೊಂಡು ಕೂರುವುದು. ಓದುವವನಿಗೆ ನಿದ್ದೆ ಬಂದರೆ ಕೇಳುವವರು ಬಿಡಬೇಕಲ್ಲ! ಮೊಬೈಲಿನಲ್ಲಿ ಹಸಿರು ಟಿಕ್ಕು ಹಾಕಿಕೊಳ್ಳುವ ನಮಗೆ ಆ ಕಾಟ ಇಲ್ಲ. ಅದಕ್ಕೇ ಹದಿನೈದನೇ ಪುಟದಲ್ಲಿ ನವಿಲುಗರಿ ಇಟ್ಟು ಮುಂದಿನ ವರ್ಷ ಅದನ್ನೇ ಕಂಡು ಸಂತೋಷಪಡುತ್ತೇವೆ.

ಹೀಗಾಗಿ ಓದು ಸಾಗಿದೆ, ತಿಂಗಳು ದಾಟಿಯೂ. ಯೋಗದ್ದೇ ತಾಪತ್ರಯ: ನಾನು ಕಾಲು ಮೇಲೆತ್ತಿದೆನೋ ಇಲ್ಲವೋ ಅಂತ ಬೆಳಿಗ್ಗೆ ಐದೂವರೆಗೆ ವಿಚಾರಿಸುವವರು ಯಾರೂ ಇಲ್ಲ. ಭಾವನನ್ನು ನೇಮಿಸಬಹುದಿತ್ತು. "ಅವರನ್ನು ಎಬ್ಬಿಸಲಿಕ್ಕೆ ಮತ್ತೊಬ್ಬರನ್ನು ನೇಮಿಸಬೇಕಾದೀತು, ನನ್ನನ್ನು ಕೇಳಬೇಡ" ಅಂತ ಅಕ್ಕ ಮೊದಲೇ ಹೇಳಿಬಿಟ್ಟಿದ್ದಾಳೆ.

ಕಡುಬು ಇನ್ನೂ ಬಂದಿಲ್ಲ.